ಎರಡು ಹಗ್ಗದ ಚಿತ್ರ

ಬೇರೆಯವರ ಚಿನ್ನದ ಆಸೆಗೆ ನೆಲ ಕಳೆದುಕೊಂಡ ಅಮೆರಿಕದ ಚೆರೋಕಿ ಜನ ತಮ್ಮ ಪರಂಪರೆಯನ್ನು ಚಿತ್ರದಲ್ಲಿ, ಬುಟ್ಟಿಯಲ್ಲಿ, ಕಥೆಯಲ್ಲಿ ಉಳಿಸಿಕೊಂಡರು. ಚಿನ್ನ ತೆಗೆದು ತೆಗೆದು ಬರಿದಾದ ಕೋಲಾರ ಚಿನ್ನದ ಗಣಿ ಸೀಮೆಯ (ಕೆ.ಜಿ.ಎಫ್.) ನಮ್ಮ ಊರಿಗಾಂಗೆ ಅವರಿಂದ ಕಲಿಯುವುದು ಬಹಳಷ್ಟಿದೆ.

ಊರಿಗಾಂ ರೈಲು ನಿಲ್ದಾಣದಿಂದ ಕೂಗಳತೆ ದೂರದಲ್ಲಿ ಗಣಿ ಕಾರ್ಮಿಕರ ಒಂದು ಲೈನ್ ಮನೆ. ಭಾನುವಾರ ಬೆಳಿಗ್ಗೆ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ನೆಲದ ಮೇಲೆ ಬೋರಲು ಮಲಗಿ ಡ್ರಾಯಿಂಗ್ ಹಾಳೆಯಲ್ಲಿ ಗಣಿಗೆ ಇಳಿಯುವ ಶಾಫ್ಟಿನ ಚಿತ್ರ ಬರೆಯುತ್ತಿದ್ದಳು. ಕಬ್ಬಿಣದ ಗೋಪುರ, ಅದರ ನೆತ್ತಿಯಲ್ಲಿ ದೊಡ್ಡ ಚಕ್ರ, ಚಕ್ರದಿಂದ ಇಳಿಬಿದ್ದ ಹಗ್ಗ, ಹಗ್ಗದ ತುದಿಗೆ ಪೆಟ್ಟಿಗೆಯಂಥ ಕೇಜು. ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ ತಾತ ಕತ್ತು ಚಾಚಿ ನೋಡಿದರು.

"ಹಗ್ಗ ಒಂದೇ ಹಾಕಿದೀಯಲ್ಲಮ್ಮಾ, ಎರಡಿರಬೇಕು."

"ಯಾಕೆ ತಾತ?"

"ಒಂದು ಕೇಜು ಇಳಿದ್ರೆ ಇನ್ನೊಂದು ಹತ್ತಬೇಕಲ್ಲ? ಬೆಳಿಗ್ಗೆ ಶಿಫ್ಟಿಗೆ ನಾವು ಇಳೀತಾ ಇದ್ರೆ ರಾತ್ರಿ ಶಿಫ್ಟಿನೋರು ಮೇಲೆ ಬರ್ತಾ ಇರೋರು. ನಡುವೆ ಎಲ್ಲೋ ಕತ್ತಲಲ್ಲಿ ಒಂದು ಗಳಿಗೆ ಎದುರಾಗ್ತಿದ್ವಿ. ಗಾಳಿ ಸುಯ್ ಅಂತ ಹೊಡೆಯೋದು, ಅಷ್ಟೆ. ಮುಖ ಕಾಣ್ತಿರಲಿಲ್ಲ."

ಹುಡುಗಿ ಎರಡನೇ ಹಗ್ಗ ಎಳೆದಳು. ಎರಡನೇ ಕೇಜು ಬಂತು. ಆ ಕೇಜಿನಲ್ಲಿ ಯಾರಿದ್ದರು, ಅವರ ಕೈಯಲ್ಲಿ ಏನಿತ್ತು, ತಲೆಯ ದೀಪ ಎಷ್ಟು ಹೊತ್ತು ಉರಿಯುತ್ತಿತ್ತು ಎಂದು ಒಂದರ ಹಿಂದೊಂದು ಪ್ರಶ್ನೆ. ತಾತ ಒಳಗೆ ಹೋಗಿ ತಗಡಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ನಂಬರು ಕೊರೆದ ಹಿತ್ತಾಳೆಯ ಟೋಕನ್ನು, ಮಾಸಿದ ಗ್ರೂಪ್ ಫೋಟೋ, ರಬ್ಬರ್ ಬ್ಯಾಂಡ್ ಸುತ್ತಿದ ಒಂದಷ್ಟು ಕಾಗದ. ಫೋಟೋದಲ್ಲಿದ್ದ ಹದಿನಾಲ್ಕು ಜನರಲ್ಲಿ ಒಂಬತ್ತು ಜನರ ಹೆಸರು ಅವರಿಗೆ ನೆನಪಿತ್ತು. ಉಳಿದ ಐವರ ಮುಖದ ಮೇಲೆ ಬೆರಳಿಟ್ಟು ಸುಮ್ಮನಾದರು.

ಆ ಐದು ಹೆಸರುಗಳ ಚಿಂತೆಯೇ ಈ ಲೇಖನ ಬರೆಸುತ್ತಿದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಂದು ಕೊನೆಯ ಸಲ ಕೇಜಿನಿಂದ ಇಳಿದ ಯುವಕರಿಗೆ ಈಗ ತಲೆ ನರೆತಿದೆ, ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮೊಮ್ಮಕ್ಕಳು ನಸುಕಿಗೇ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ಕೆಲಸಕ್ಕೆ ಓಡುತ್ತಾರೆ. ಕತ್ತಲಾದ ಮೇಲೆ ಮರಳುತ್ತಾರೆ. ಎರಡು ಕೇಜುಗಳಂತೆ ಎರಡು ತಲೆಮಾರುಗಳು ಒಂದನ್ನೊಂದು ಹಾದು ಹೋಗುತ್ತಿವೆ, ಮುಖ ಕಾಣುತ್ತಿಲ್ಲ.

ಇಂಥ ಸ್ಥಿತಿಯಲ್ಲಿ ಒಂದು ಸಮುದಾಯ ಏನು ಮಾಡಬಹುದು? ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಬಹಳ ದೂರದವರು, ಅಮೆರಿಕದ ಚೆರೋಕಿ ಜನ. ಅವರ ಚರಿತ್ರೆಯಲ್ಲೂ ಚಿನ್ನವಿದೆ.

ಹಳದಿ ಲೋಹ ತಂದ ವಲಸೆ

ಇಂದಿನ ಜಾರ್ಜಿಯಾ, ಟೆನೆಸ್ಸಿ, ಉತ್ತರ ಕೆರೊಲಿನಾ ರಾಜ್ಯಗಳ ಬೆಟ್ಟಸೀಮೆ ಚೆರೋಕಿಗಳ ಮೂಲನೆಲ. ಜೋಳ ಬೆಳೆದು, ಹೊಳೆಯ ದಂಡೆಗಳಲ್ಲಿ ಊರು ಕಟ್ಟಿಕೊಂಡಿದ್ದ ಜನ. 1829ರ ಹೊತ್ತಿಗೆ ಜಾರ್ಜಿಯಾದ ಬೆಟ್ಟಗಳಲ್ಲಿ ಚಿನ್ನವಿದೆಯೆಂಬ ಸುದ್ದಿ ಹಬ್ಬಿ ಸಾವಿರಾರು ಜನ ಅವರ ನೆಲಕ್ಕೆ ನುಗ್ಗಿದರು. ಅಲ್ಲಿ ಎದ್ದ ಗಣಿಪಟ್ಟಣದ ಹೆಸರು ದಲೋನೆಗ. ಚೆರೋಕಿ ಭಾಷೆಯಲ್ಲಿ ಹಳದಿ ಎಂಬ ಅರ್ಥದ ಮಾತಿನಿಂದ ಬಂದ ಹೆಸರದು. ಅವರದೇ ಮಾತು ಊರಿಗೆ ಹೆಸರಾಯಿತು, ಊರಿನಲ್ಲಿ ಅವರಿಗೆ ಜಾಗವಿಲ್ಲದಾಯಿತು. 1830ರಲ್ಲಿ ಅಮೆರಿಕದ ಸಂಸತ್ತು ಮೂಲನಿವಾಸಿಗಳನ್ನು ಮಿಸ್ಸಿಸಿಪ್ಪಿ ನದಿಯ ಆಚೆಗೆ ಸಾಗಿಸುವ ಕಾಯಿದೆ ಮಾಡಿತು. 1832ರಲ್ಲಿ ಜಾರ್ಜಿಯಾ ಸರ್ಕಾರ ಚೆರೋಕಿಗಳ ಚಿನ್ನದ ನೆಲವನ್ನು ತುಂಡು ಮಾಡಿ ಬಿಳಿಯರಿಗೆ ಲಾಟರಿಯಲ್ಲಿ ಹಂಚಿತು. 1838ರಲ್ಲಿ ಸೈನಿಕರು ಮನೆಮನೆಗೆ ಬಂದು ಜನರನ್ನು ಹೊರಡಿಸಿದರು. ಸುಮಾರು 16 ಸಾವಿರ ಜನ ಚಳಿಗಾಲದಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಇಂದಿನ ಓಕ್ಲಹೋಮಕ್ಕೆ ಹೋಗಬೇಕಾಯಿತು. ಅವರಲ್ಲಿ ಸುಮಾರು 4 ಸಾವಿರ ಜನ ಸತ್ತರೆಂದು ಅಂದಾಜು. ಆ ನಡಿಗೆಗೆ ಉಳಿದಿರುವ ಹೆಸರು ಕಣ್ಣೀರ ಹಾದಿ.

ನಮ್ಮ ಗಣಿಯ ಕಥೆ ಇದರ ಪಡಿಯಚ್ಚಲ್ಲ. ಚೆರೋಕಿಗಳನ್ನು ಚಿನ್ನಕ್ಕಾಗಿ ನೆಲದಿಂದ ಎಬ್ಬಿಸಿದರು. ಇಲ್ಲಿ ಚಿನ್ನಕ್ಕಾಗಿ ಬೇರೆ ಬೇರೆ ನೆಲದವರನ್ನು ತಂದು ಕೂಡಿಸಿದರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬರ, ಸಾಲ, ಜಾತಿಯ ಕಾಟ ತಾಳಲಾರದೆ ಬಂದವರು ಬಿದಿರು ತಟ್ಟಿಯ ಗುಡಿಸಲುಗಳಲ್ಲಿ ಬದುಕು ಹೂಡಿದರು. ಅವರಲ್ಲಿ ಬಹುಪಾಲು ದಲಿತರು. ಆದರೂ ಎರಡು ಕಡೆಯ ನೋವಿಗೆ ಒಂದು ಸಮಾನ ಗಂಟಿದೆ. ಲೋಹದ ಲೆಕ್ಕ ಗ್ರಾಂ ತಪ್ಪದಂತೆ ದಾಖಲಾಗಿದೆ, ಮನುಷ್ಯರ ಲೆಕ್ಕ ದಾಖಲಾಗಿಲ್ಲ.

ಅಕ್ಷರ ಕಟ್ಟಿದ ಅಕ್ಕಸಾಲಿಗ

ಚೆರೋಕಿಗಳು ನೆಲ ಕಳೆದುಕೊಳ್ಳುವ ಮೊದಲೇ ಮಾಡಿಕೊಂಡ ಕೆಲಸ, ತಮ್ಮ ಮಾತಿಗೆ ತಾವೇ ರೂಪ ಕೊಟ್ಟದ್ದು. ಸೆಕ್ವೋಯ ಎಂಬಾತ ಬೆಳ್ಳಿ ಕೆಲಸದವನು. ಅವನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಿಳಿಯರು ಕಾಗದದ ಮೇಲೆ ಮಾತನ್ನು ಕಳಿಸುವುದನ್ನು ಕಂಡು, ನಮ್ಮ ಮಾತಿಗೂ ಇದು ಬೇಕು ಎಂದು ವರ್ಷಗಟ್ಟಲೆ ಕುಳಿತು, 1821ರ ಹೊತ್ತಿಗೆ 85ರಷ್ಟು ಗುರುತುಗಳ ಲಿಪಿ ಮುಗಿಸಿದ. ಕನ್ನಡದವರಿಗೆ ಇದನ್ನು ತಿಳಿಯುವುದು ಸುಲಭ. ನಮ್ಮ ಕ, ಕಿ, ಕೆ, ಕೊ ಬಾಯಲ್ಲಿ ಒಂದೊಂದು ಉಸಿರಿನಲ್ಲಿ ಮುಗಿಯುವಂತೆ ಅವರ ಒಂದೊಂದು ಗುರುತೂ ಒಂದು ಪೂರ್ತಿ ಉಚ್ಚಾರ. ನಾವು ಕಾಗುಣಿತದಲ್ಲಿ ಕೊಂಬು, ಗುಡಿಸು ಸೇರಿಸುವ ಕಡೆ ಅವನು ಪ್ರತಿಯೊಂದಕ್ಕೂ ಬೇರೆಯೇ ಆಕಾರ ಮಾಡಿದ. ಅದನ್ನು ಮೊದಲು ಕಲಿತದ್ದು ಅವನ ಮಗಳು ಅಯೋಕ, ಇನ್ನೂ ಚಿಕ್ಕ ಹುಡುಗಿ.

1828ರ ಫೆಬ್ರವರಿಯಲ್ಲಿ ಅದೇ ಲಿಪಿಯಲ್ಲಿ ಮೊಳೆ ಎರಕ ಹೊಯ್ದು, ಚೆರೋಕಿ ಮತ್ತು ಇಂಗ್ಲಿಷ್ ಎರಡರಲ್ಲೂ 'ಚೆರೋಕಿ ಫೀನಿಕ್ಸ್' ಪತ್ರಿಕೆ ಹೊರಟಿತು. ಮುದ್ರಣಯಂತ್ರವನ್ನು 1835ರಲ್ಲಿ ಜಾರ್ಜಿಯಾದ ಕಾವಲುಪಡೆ ಕಿತ್ತುಕೊಂಡಿತು. ಲಿಪಿಯನ್ನು ಕಿತ್ತುಕೊಳ್ಳಲಾಗಲಿಲ್ಲ, ಅದು ಜನರ ಜೊತೆ ನಡೆದುಕೊಂಡೇ ಓಕ್ಲಹೋಮಕ್ಕೆ ಹೋಯಿತು. 2010ರಲ್ಲಿ ಐಫೋನಿಗೂ ಬಂತು. ಇಂದಿನ ಚೆರೋಕಿ ಕಲಾವಿದರು ಅದೇ ಅಕ್ಷರಗಳನ್ನು ಮಡಕೆಯ ಮೇಲೆ, ಕ್ಯಾನ್ವಾಸಿನ ಮೇಲೆ, ಮಕ್ಕಳ ಕಾರ್ಟೂನಿನಲ್ಲಿ ಬಿಡಿಸುತ್ತಾರೆ. ಅಲ್ಲಿ ಅಕ್ಷರವೂ ಒಂದು ಚಿತ್ರ.

ಬೆನ್ನ ಮೇಲೆ ಬೆಂಕಿ ಹೊತ್ತ ಜೇಡ

ಚೆರೋಕಿಗಳ ಕಥೆಯೊಂದು ಹೀಗಿದೆ. ಲೋಕದಲ್ಲಿ ಮೊದಲು ಬೆಂಕಿಯೇ ಇರಲಿಲ್ಲ, ಎಲ್ಲೆಲ್ಲೂ ಚಳಿ. ಗುಡುಗಿನ ದೇವತೆಗಳು ನಡುಗಡ್ಡೆಯೊಂದರ ಪೊಳ್ಳು ಮರದ ಬುಡದಲ್ಲಿ ಬೆಂಕಿ ಇಟ್ಟರು. ತರಬೇಕೆಂದು ಹೊರಟ ಕಾಗೆಯ ರೆಕ್ಕೆ ಸುಟ್ಟು ಕಪ್ಪಾಯಿತು. ಗೂಬೆಗಳು ಹೋದವು. ಒಂದರ ಕಣ್ಣು ಝಳಕ್ಕೆ ಕೆಂಪಾಯಿತು, ಉಳಿದವುಗಳ ಕಣ್ಣಿನ ಸುತ್ತ ಬೂದಿಯ ಬಿಳಿ ಬಳೆ ಉಳಿಯಿತು. ಹಾವು ಹೋಗಿ ಸುಟ್ಟುಕೊಂಡು ಕರಿ ಹಾವಾಯಿತು. ಆಗ ನಾನು ಹೋಗುತ್ತೇನೆ ಎಂದದ್ದು ನೀರ ಮೇಲೆ ಓಡಬಲ್ಲ ಒಂದು ಪುಟ್ಟ ಜೇಡ. ಬೆಂಕಿಯನ್ನು ಹೇಗೆ ತರುತ್ತೀ ಎಂದು ಎಲ್ಲರೂ ಕೇಳಿದಾಗ ತನ್ನ ಮೈಯಿಂದಲೇ ನೂಲು ತೆಗೆದು, ಪುಟ್ಟ ಬೋಗುಣಿ ನೇಯ್ದು ಬೆನ್ನಿಗೆ ಕಟ್ಟಿಕೊಂಡಿತು. ಹೋಗಿ ಒಂದೇ ಒಂದು ಕೆಂಡವನ್ನು ಅದರಲ್ಲಿಟ್ಟುಕೊಂಡು ಬಂತು.

ಈ ಕಥೆಗೊಂದು ಚಿತ್ರವೂ ಇದೆ. ಅಮೆರಿಕದ ಆಗ್ನೇಯ ಮತ್ತು ಮಧ್ಯಭಾಗದ ಹಳೆಯ ದಿಬ್ಬಗಳಲ್ಲಿ, ಯುರೋಪಿನವರು ಕಾಲಿಡುವ ಮೊದಲಿನ ಕಾಲದ ಚಿಪ್ಪಿನ ಪದಕಗಳು ಸಿಕ್ಕಿವೆ. ಬಿಲ್ಲೆಯಷ್ಟಗಲದ ಚಿಪ್ಪಿನ ಮೇಲೆ ಎಂಟು ಕಾಲು ಚಾಚಿದ ಜೇಡ, ಅದರ ಬೆನ್ನ ಮೇಲೆ ಒಂದು ವೃತ್ತ, ವೃತ್ತದೊಳಗೆ ಕೂಡುಗೆರೆ. ಇಂದಿನ ಚೆರೋಕಿ ಕುಶಲಿಗರೂ ಆ ಆಕಾರವನ್ನು ಚಿಪ್ಪಿನಲ್ಲಿ ಕೊರೆಯುತ್ತಾರೆ. ಚಿತ್ರ ನೋಡಿದ ಮಗು ಬೆನ್ನ ಮೇಲೇನು ಎಂದು ಕೇಳುತ್ತದೆ. ಆಗ ಕಥೆ ಹೊರಡುತ್ತದೆ. ಕಥೆ ಕೇಳಿದ ಮಗು ಹಾಳೆ ತೆಗೆದುಕೊಂಡು ಜೇಡ ಬರೆಯುತ್ತದೆ. ಊರಿಗಾಂನ ಆ ಮನೆಯಲ್ಲಿ ಎರಡನೇ ಹಗ್ಗ ಬಂದದ್ದೂ ಹೀಗೆಯೇ.

ಲಂಡನ್ನಿನ ಫೋಟೋದಿಂದ ಮರಳಿದ ಬುಟ್ಟಿ

ಪರಂಪರೆ ತುಂಡಾದ ಮೇಲೆ ಮತ್ತೆ ಗಂಟು ಹಾಕಬಹುದೆ? ಹಾಕಬಹುದು ಎನ್ನುವುದಕ್ಕೆ ಒಂದು ಬುಟ್ಟಿ ಸಾಕ್ಷಿ. ಹೊಳೆದಂಡೆಯ ಬಿದಿರಿನಂಥ ಜೊಂಡನ್ನು ಸೀಳಿ, ಬೇರುಗಳ ಬಣ್ಣ ಕಟ್ಟಿ, ಒಳಗೊಂದು ಹೊರಗೊಂದು ಪದರ ಬಿಡಿಸಲಾಗದಂತೆ ಒಟ್ಟಿಗೆ ಹೆಣೆಯುವುದು ಚೆರೋಕಿ ಹೆಂಗಸರ ಹಳೆಯ ವಿದ್ಯೆ. ಉತ್ತರ ಕೆರೊಲಿನಾದಲ್ಲಿ ಉಳಿದಿದ್ದ ಚೆರೋಕಿಗಳಲ್ಲಿ ಈ ಇಮ್ಮಡಿ ಹೆಣಿಗೆ ಹೆಚ್ಚುಕಡಿಮೆ ಮರೆತೇಹೋಗಿತ್ತು. 1720ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಕೊಂಡೊಯ್ದಿದ್ದ ಅಂಥದೊಂದು ಬುಟ್ಟಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿತ್ತು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಲಾಟಿ ಸ್ಟಾಂಪರ್ ಎಂಬ ಬುಟ್ಟಿ ಹೆಣೆಯುವ ಶಿಕ್ಷಕಿ ಆ ಬುಟ್ಟಿಯ ಫೋಟೋವನ್ನು ನೋಡಿ ನೋಡಿ, ಎಳೆ ಎಣಿಸಿ, ಬಿಚ್ಚಿ ಮತ್ತೆ ಹೆಣೆದು ಆ ವಿದ್ಯೆಯನ್ನು ತನ್ನ ಕೈಗೆ ತಂದುಕೊಂಡಳು. ಆಮೇಲೆ ಶಾಲೆಯ ಹುಡುಗಿಯರಿಗೆ ಕಲಿಸಿದಳು.

ಮುಂದಿನ ತಲೆಮಾರಿನ ಶಾನ್ ಗೊಶಾರ್ನ್ (1957–2018) ಇದನ್ನು ಇನ್ನೊಂದು ದಾರಿಗೆ ಒಯ್ದಳು. ಸರ್ಕಾರ ಮಾಡಿ ಮುರಿದ ಒಪ್ಪಂದಗಳು, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಒಯ್ದು ತಾಯಿಮಾತು ಆಡದಂತೆ ಮಾಡಿದ ವಸತಿಶಾಲೆಗಳ ಫೋಟೋಗಳು, ಇವನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿಸಿ, ಆ ಕಾಗದವನ್ನು ಪಟ್ಟಿಪಟ್ಟಿಯಾಗಿ ಸೀಳಿ, ಹಳೆಯ ಚೆರೋಕಿ ವಿನ್ಯಾಸದಲ್ಲೇ ಬುಟ್ಟಿ ಹೆಣೆದಳು. ದೂರದಿಂದ ನೋಡಿದರೆ ಅಂದದ ಬುಟ್ಟಿ. ಹತ್ತಿರ ಹೋದರೆ ಎಳೆಗಳ ನಡುವೆ ಮಕ್ಕಳ ಮುಖ, ಕಾನೂನಿನ ಸಾಲು. ಕಡತದ ಕೋಣೆಯಲ್ಲಿ ಧೂಳು ಹಿಡಿಯಬೇಕಿದ್ದ ನೋವು ಎಲ್ಲರ ಕಣ್ಣೆದುರಿಗೆ ಬಂತು.

ಹೇಳುವವರು ಯಾರು?

ಚೆರೋಕಿಗಳ ಕಥೆಗಳನ್ನು ಬಹುಕಾಲ ಬೇರೆಯವರೇ ಹೇಳಿದರು. ಜೇಮ್ಸ್ ಮೂನಿ ಎಂಬ ವಿದ್ವಾಂಸ 1900ರಲ್ಲಿ ಪ್ರಕಟಿಸಿದ ಚೆರೋಕಿ ಪುರಾಣಗಳ ದೊಡ್ಡ ಸಂಗ್ರಹ ಇಂದಿಗೂ ಬೆಲೆಯುಳ್ಳ ಕೆಲಸ. ಆದರೆ ಅದರ ಹಿಂದೆ ಅಯೂನಿನಿ ಎಂಬ ಚೆರೋಕಿ ವೈದ್ಯ, ಕಥೆಗಾರನಿದ್ದ. ಸೆಕ್ವೋಯನ ಲಿಪಿಯಲ್ಲಿ ಮದ್ದು, ಮಂತ್ರಗಳನ್ನು ಬರೆದಿಟ್ಟುಕೊಂಡಿದ್ದ ಆತ ಪುಸ್ತಕ ಹೊರಬರುವ ಮೊದಲೇ, 1899ರಲ್ಲಿ ತೀರಿಕೊಂಡ. 1950ರಿಂದ ಉತ್ತರ ಕೆರೊಲಿನಾದ ಚೆರೋಕಿ ಪಟ್ಟಣದಲ್ಲಿ ಕಣ್ಣೀರ ಹಾದಿಯ ಕಥೆಯುಳ್ಳ ಬಯಲು ನಾಟಕವೊಂದು ಪ್ರತಿ ಬೇಸಿಗೆಯಲ್ಲಿ ನಡೆಯುತ್ತಿದೆ. ಅದನ್ನು ಬರೆದವನು ಹೊರಗಿನವನು, ಮುಖ್ಯ ಪಾತ್ರಗಳೂ ಬಹುಕಾಲ ಹೊರಗಿನವರವೇ. 2006ರಲ್ಲಿ ಅದನ್ನು ಹೊಸದಾಗಿ ಬರೆಸಿ ಚೆರೋಕಿಗಳ ನೋಟಕ್ಕೆ ತಿರುಗಿಸಲಾಯಿತು. ಅದೇ ಪಟ್ಟಣದಲ್ಲಿ 1946ರಲ್ಲೇ ಕುಶಲಿಗರು ಸೇರಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಬುಟ್ಟಿಗೆ ಬೆಲೆ ಕಟ್ಟುವವರು, ಅದರ ಕಥೆ ಹೇಳುವವರು, ಅದನ್ನು ಹೆಣೆದವರು ಒಂದೇ ಊರಿನವರಾದರು. ಎಲ್ಲರೂ ಸೇರಿ ಒಬ್ಬರ ಕೆಲಸ ಮಾಡಿಕೊಡುವುದಕ್ಕೆ ಅವರ ಮಾತಿನಲ್ಲಿ ಗಡೂಗಿ ಎನ್ನುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಆ ಮಾತು ಹೊಸದಲ್ಲ.

ಈಗ ನಮ್ಮ ಊರಿಗಾಂಗೆ ಬರೋಣ. 1802ರಲ್ಲಿ, ಟಿಪ್ಪುವಿನ ಪತನದ ಮೂರು ವರ್ಷಕ್ಕೆ, ಜಾನ್ ವಾರನ್ ಎಂಬ ಬ್ರಿಟಿಷ್ ಲೆಫ್ಟಿನೆಂಟ್ ಮೈಸೂರು ಸೀಮೆಯ ಪೂರ್ವದ ಗಡಿ ಅಳೆಯಲು ಈ ಕಡೆ ಬಂದ. ಇಲ್ಲಿ ಚಿನ್ನ ಸಿಗುತ್ತದೆ ಎಂಬ ಮಾತು ಅವನ ಕಿವಿಗೆ ಬಿತ್ತು. ಇನಾಮು ಕೊಡುತ್ತೇನೆ ಎಂದಾಗ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು, ಅವನೆದುರೇ ತೊಳೆದು, ತಳದಲ್ಲಿ ಮಿನುಗುವ ಪುಡಿ ತೋರಿಸಿದರು. ಮಣ್ಣು ತೊಳೆದು ಚಿನ್ನ ತೆಗೆಯುವ ವಿದ್ಯೆ ಅವರದು. ಪತ್ರಿಕೆಯಲ್ಲಿ ಅಚ್ಚಾದ ಹೆಸರು ವಾರನ್ನನದು. ಆ ಬರಹವನ್ನೋದಿದ ಮೈಕೆಲ್ ಲವೆಲ್ ಎಂಬ ನಿವೃತ್ತ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಊರಿಗಾಂ ಬಳಿ ಅಗೆತ ಆರಂಭಿಸಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ವಿದ್ಯುತ್ತೂ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. ಆ ಆಳದಲ್ಲಿ ಬಂಡೆಯೇ 60 ಡಿಗ್ರಿಗಿಂತ ಹೆಚ್ಚು ಬಿಸಿ. 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಮೇಲೆ ಬಂತು.

ಈ ಸಾಲುಗಳೆಲ್ಲ ಎಲ್ಲರಿಗೂ ಗೊತ್ತು. ಇವುಗಳ ಅಡಿಯಲ್ಲಿ ಹೂತುಹೋದದ್ದನ್ನೂ ಹೇಳಬೇಕು. 1930ರಲ್ಲಿ ಗಣಿ ಕಂಪನಿಗಳು ಕಾರ್ಮಿಕರೆಲ್ಲರೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕು ಎಂದವು. ಕಳ್ಳರಿಗೆ ಮಾಡುವುದನ್ನು ನಮಗೆ ಮಾಡಬೇಡಿ ಎಂದು ಜನ ಕೆಲಸ ನಿಲ್ಲಿಸಿದರು. ಮೂರು ವಾರ ಗಣಿಗಳು ಸ್ತಬ್ಧವಾದವು. ಕಂಪನಿಯೇ ಹಿಂದೆ ಸರಿಯಬೇಕಾಯಿತು. ಇತಿಹಾಸಕಾರ್ತಿ ಜಾನಕಿ ನಾಯರ್ ತಮ್ಮ ಗ್ರಂಥದಲ್ಲಿ ಈ ಮುಷ್ಕರವನ್ನು ವಿವರವಾಗಿ ಬರೆದಿದ್ದಾರೆ. ಬೌದ್ಧ ಚಿಂತಕ ಅಯೋತಿದಾಸ ಪಂಡಿತರು 1907ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ್ದ 'ತಮಿಳನ್' ಪತ್ರಿಕೆಯನ್ನು ಅವರ ಕಾಲಾನಂತರ, 1920ರ ದಶಕದಲ್ಲಿ, ಚಿನ್ನದ ಗಣಿಯ ಬೌದ್ಧ ಸಂಘಟಕರು ಮತ್ತೆ ಹೊರತಂದರು. ತಮ್ಮ ಗುರುತನ್ನು ಇನ್ನೊಬ್ಬರ ರಿಜಿಸ್ಟರಿನಲ್ಲಿ ಒತ್ತಲು ಒಪ್ಪದ ಜನ, ತಮ್ಮ ಪತ್ರಿಕೆಯಲ್ಲಿ ತಾವೇ ಬರೆದುಕೊಂಡ ಜನ ಇದೇ ಲೈನ್‌ಗಳಲ್ಲಿ ಬದುಕಿದ್ದರು. ಚೆರೋಕಿ ಫೀನಿಕ್ಸಿನ ಸುದ್ದಿ ಓದುವಾಗ ನನ್ನ ಕಣ್ಣೆದುರು ಬಂದದ್ದು ಇವರು.

ಇಂದು ದೇಶದ ಬೇರೆ ಮೂಲೆಯವರಿಗೆ ಕೆ.ಜಿ.ಎಫ್. ಎಂದರೆ 2018ರ ಕನ್ನಡ ಸಿನಿಮಾ. 2024ರಲ್ಲಿ ಪಾ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' ಗಣಿಗೆ ಬಂದ ದಲಿತರ ಕಡೆಯಿಂದ ಕಥೆ ಕಟ್ಟಲು ಹೊರಟಿತು. ಇಲ್ಲೇ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್ ಕುಮಾರ್ ಆಂಗ್ಲೋ ಇಂಡಿಯನ್ ಮನೆಗಳ ನೆನಪನ್ನೂ ಅಡುಗೆಯನ್ನೂ ಪುಸ್ತಕಗಳಲ್ಲಿ ದಾಖಲಿಸಿದ್ದಾರೆ. ಸಿನಿಮಾ ದೊಡ್ಡ ಕನ್ನಡಿ, ಬೇಡವೆನ್ನುವುದು ಸಲ್ಲ. ಆದರೆ ಆ ತಾತನ ಡಬ್ಬಿಯಲ್ಲಿರುವ ಹದಿನಾಲ್ಕು ಜನ ಯಾವ ಸಿನಿಮಾದಲ್ಲೂ ಬರುವುದಿಲ್ಲ. ಅವರನ್ನು ಬರೆಯಬೇಕಾದವರು ಅವರ ಮೊಮ್ಮಕ್ಕಳೇ.

ನಮ್ಮ ಸೀಮೆಯ ತೆರೆಯ ಮೇಲೆ

ಚಿತ್ರ ತೋರಿಸಿ ಕಥೆ ಹೇಳುವುದು ನಮ್ಮ ನೆಲಕ್ಕೆ ಹೊಸತಲ್ಲ. ತೊಗಲು ಗೊಂಬೆಯಾಟವನ್ನೇ ನೋಡಿ. ಆಡಿನ ಚರ್ಮವನ್ನು ಹದ ಮಾಡಿ, ಬೆಳಕು ತೂರುವಷ್ಟು ತೆಳುವಾಗಿಸಿ, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು ಒಡವೆ ಬಿಡಿಸಿ, ಬಣ್ಣ ತುಂಬುತ್ತಾರೆ. ಬಿಳಿ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಬಣ್ಣ ಹೊಳೆಯುತ್ತದೆ, ಹಿಂದಕ್ಕೆ ಎಳೆದಾಗ ನೆರಳು ದೊಡ್ಡದಾಗಿ ಮಸುಕಾಗುತ್ತದೆ. ರಾಮಾಯಣ, ಮಹಾಭಾರತದ ನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಜೋಡಿ ಬಂದು ಊರಿನ ಸುದ್ದಿಯೆಲ್ಲ ಆಡಿ ನಗಿಸುತ್ತದೆ. ಗಡಿಯಾಚೆ ಆಂಧ್ರದ ಗೊಂಬೆಯಾಟದಲ್ಲೂ ಬಂಗಾರಕ್ಕ ಇದ್ದಾಳೆ. ಕನ್ನಡ, ತೆಲುಗು, ತಮಿಳು ಮೂರೂ ಕಲೆತ ಬಂಗಾರಪೇಟೆ ಸೀಮೆಗೆ ಈ ಬಂಗಾರಕ್ಕ ಎರಡು ಕಡೆಯಿಂದಲೂ ನೆಂಟಳು.

ಈ ಆಟ ಆಡಿಸುವ ಕಿಳ್ಳೇಕ್ಯಾತ ಸಮುದಾಯಕ್ಕೆ ಆ ಗೊಂಬೆಗಳೇ ಆಸ್ತಿ. ತಲೆಮಾರಿನಿಂದ ತಲೆಮಾರಿಗೆ ಬರುತ್ತವೆ, ತೀರಾ ಹಳತಾದಾಗ ಹೊಳೆಗೆ ಬಿಡುತ್ತಾರೆ. ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾಯರು ಅಂಥ ಗೊಂಬೆಗಳನ್ನು ಹುಡುಕಿ ಸಂಗ್ರಹಿಸಿದ್ದರಿಂದ ಬೆಂಗಳೂರಿನ ಪರಿಷತ್ತಿನ ಸಂಗ್ರಹಾಲಯದಲ್ಲಿ ಇಂದು ಅವುಗಳನ್ನು ನೋಡಬಹುದು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 90 ದಾಟಿತ್ತು. ಜೀವಮಾನವೆಲ್ಲ ಪರದೆಯ ಹಿಂದೆ ಕುಳಿತವರು ಅಂದು ಪರದೆಯ ಮುಂದೆ ಬಂದರು. ಹಳೆಯ ಅವಿಭಜಿತ ಕೋಲಾರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ಕಲೆಗಾಗಿ 2023ರಲ್ಲಿ ಅದೇ ಗೌರವ ಸಂದಿತ್ತು. ಸಾವಿನ ಮುಂದೆ ಬಡಿಯಲು ಮಾತ್ರ ಕರೆಸಿಕೊಳ್ಳುತ್ತಿದ್ದ ವಾದ್ಯವನ್ನು ವೇದಿಕೆಯ ಕಲೆಯಾಗಿ ಎತ್ತಿ ಹಿಡಿದವರು ಅದನ್ನು ಬಡಿಯುತ್ತಿದ್ದ ಜನರೇ.

ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರ ನಮ್ಮ ಕಣ್ಣಳತೆಯಲ್ಲೇ ಇದೆ. ಅಲ್ಲಿ ಹುಣ್ಣಿಮೆಯ ರಾತ್ರಿ 'ಹುಣ್ಣಿಮೆ ಹಾಡು' ನಡೆಯುತ್ತದೆ. ಬಂಡೆಯ ಮೇಲೆ ಜನ ಕೂರುತ್ತಾರೆ, ತಮಟೆ, ಹಾಡು, ನಾಟಕ ಬೆಳದಿಂಗಳಲ್ಲಿ ಸಾಗುತ್ತವೆ. ದೊಡ್ಡ ಹಣವಿಲ್ಲದೆ, ಸ್ನೇಹಿತರ ಕಿಸೆಯ ಚಿಲ್ಲರೆಯಿಂದ ಎದ್ದ ಜಾಗವದು. ನೆಲಮೂಲದ ನೆನಪನ್ನು ನೆಲದವರೇ ಹೇಳಿಕೊಳ್ಳಲು ಅರಮನೆಯಂಥ ಮ್ಯೂಸಿಯಂ ಬೇಕಿಲ್ಲ ಎಂಬುದನ್ನು ಆ ಬೆಟ್ಟ ತೋರಿಸಿದೆ.

ಡಬ್ಬಿಗಳನ್ನು ತೆರೆಯೋಣ

ಹಾಗಾದರೆ ಊರಿಗಾಂನಲ್ಲಿ ಏನು ಮಾಡಬಹುದು? ಮೊದಲನೆಯದು, ಡಬ್ಬಿ ತೆರೆಯುವುದು. ಲೈನ್ ಮನೆಗಳಲ್ಲಿ ಟೋಕನ್ನು, ಹಳೆಯ ದೀಪ, ಸಂಬಳದ ಚೀಟಿ, ಮದುವೆ ಫೋಟೋ, ಗಣಿ ಆಸ್ಪತ್ರೆಯ ಕಾಗದ ಇವತ್ತಿಗೂ ಇವೆ. ಅವನ್ನು ಯಾರೂ ಕೊಂಡೊಯ್ಯಬೇಕಿಲ್ಲ. ಮನೆಯವರ ಎದುರೇ ಮೊಬೈಲಿನಲ್ಲಿ ಫೋಟೋ ತೆಗೆದು, ಅದು ಯಾರದು, ಯಾವ ಶಾಫ್ಟು, ಯಾವ ಲೆವೆಲ್ಲು ಎಂದು ಅವರ ಬಾಯಲ್ಲೇ ಹೇಳಿಸಿ ರೆಕಾರ್ಡು ಮಾಡಿದರೆ ಸಾಕು. ವಸ್ತು ಮನೆಯಲ್ಲೇ ಇರಲಿ, ಅದರ ಚಿತ್ರ ಮತ್ತು ಮಾತು ಊರಿನದಾಗಲಿ. ಒಂದು ಫೋಟೋ ಹಿಡಿದು ಒಂದು ಕಲೆಯನ್ನೇ ಮರಳಿ ತಂದ ಲಾಟಿ ಸ್ಟಾಂಪರಳ ನೆನಪು ನಮ್ಮ ಜೊತೆಗಿರಲಿ.

ಎರಡನೆಯದು, ಶಾಲೆಯಲ್ಲಿ ಚಿತ್ರ. ವರ್ಷಕ್ಕೊಂದು ಸಲ ಮಕ್ಕಳಿಗೆ ಮನೆಯ ಹಿರಿಯರನ್ನು ಕೇಳಿ ಒಂದು ಚಿತ್ರ ಬರೆದು ತನ್ನಿ ಎಂದರೆ ಸಾಕು. ಕೇಜಿಗೆ ಎರಡು ಹಗ್ಗವೆಂದು, ಆಳದಲ್ಲಿ ಬಂಡೆ ಸಿಡಿದು ರಾಕ್ ಬರ್ಸ್ಟ್ ಆದಾಗ ಮೇಲಿನ ಮನೆಯ ಪಾತ್ರೆಗಳೂ ನಡುಗುತ್ತಿದ್ದವೆಂದು, ಸೈರನ್ ಹೊತ್ತಲ್ಲದ ಹೊತ್ತಿಗೆ ಕೂಗಿದರೆ ಹೆಂಗಸರು ಒಲೆ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರೆಂದು ಮಕ್ಕಳಿಗೆ ಗೊತ್ತಾಗುವುದು ಹೀಗೆ. ಗಣಿಗಿಳಿಯದಿದ್ದರೂ ಗಣಿಯ ಭಾರವನ್ನೆಲ್ಲ ಹೊತ್ತ ಅಜ್ಜಿಯರ ಕಥೆ ಇನ್ನೂ ಯಾರೂ ಕೇಳಿಲ್ಲ. ಬಂಡೆಯ ದೂಳು ಎದೆಗಿಳಿದ ಗಂಡಂದಿರನ್ನು ರಾತ್ರಿಯಿಡೀ ಎತ್ತಿ ಕೂರಿಸಿದ ಕೈಗಳವು.

ಮೂರನೆಯದು, ಭಾಷೆಯ ಮಾತು. ಈ ಊರಿನ ನೆನಪು ಬಹುಪಾಲು ತಮಿಳಿನಲ್ಲಿದೆ, ಒಂದಷ್ಟು ತೆಲುಗಿನಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿದೆ. ಕನ್ನಡದ ಓದುಗರಾಗಿ ನಾವು ಅದನ್ನು ಪರರ ಕಥೆ ಎಂದುಕೊಂಡರೆ ಕರ್ನಾಟಕದ್ದೇ ಒಂದು ದೊಡ್ಡ ಅಧ್ಯಾಯ ನಮ್ಮ ಕೈತಪ್ಪುತ್ತದೆ. ತಾತ ತಮಿಳಿನಲ್ಲಿ ಹೇಳಲಿ, ಮೊಮ್ಮಗಳು ಕನ್ನಡದಲ್ಲಿ ಬರೆಯಲಿ, ಚಿತ್ರದ ಕೆಳಗೆ ಎರಡೂ ಲಿಪಿ ಇರಲಿ. ಚೆರೋಕಿ ಫೀನಿಕ್ಸ್ ಸುಮಾರು ಇನ್ನೂರು ವರ್ಷ ಹಿಂದೆಯೇ ಒಂದೇ ಪುಟದಲ್ಲಿ ಎರಡು ಭಾಷೆಯನ್ನು ನಿಲ್ಲಿಸಿತ್ತು. ಮಾಸ್ತಿಯವರು ಹುಟ್ಟಿದ ಜಿಲ್ಲೆಯಿದು, ಕಥೆಗೆ ಕಿವಿ ಕೊಡುವುದು ನಮಗೆ ಕಷ್ಟವಾಗಬಾರದು.

ಮತ್ತೊಂದು ಮಾತು. ಇದನ್ನೆಲ್ಲ ಮಾಡುವಾಗ ಮುಂದೆ ನಿಲ್ಲಬೇಕಾದವರು ಲೈನ್‌ಗಳ ಜನ. ನನ್ನಂಥ ಬರೆಯುವವರು, ಬೆಂಗಳೂರಿನಿಂದ ಕ್ಯಾಮೆರಾ ಹಿಡಿದು ಬರುವವರು, ಸಂಶೋಧಕರು ಅವರ ಜೊತೆಗಿರಬಹುದು. ಯಾವ ಫೋಟೋ ಹೊರಗೆ ಹೋಗಬೇಕು, ಯಾವ ಕಥೆ ಮನೆಯಲ್ಲೇ ಉಳಿಯಬೇಕು ಎಂಬ ತೀರ್ಮಾನ ಅವರದು. ಬೆರಳಚ್ಚು ಒತ್ತಲು ಒಪ್ಪದೆ ಮೂರು ವಾರ ಹಸಿವು ತಡೆದವರ ಮಕ್ಕಳು ಅವರು.

ಆ ಭಾನುವಾರ ನಾನು ಎದ್ದು ಹೊರಡುವ ಹೊತ್ತಿಗೆ ಹುಡುಗಿಯ ಚಿತ್ರ ಮುಗಿಯುತ್ತಾ ಬಂದಿತ್ತು. ಇಳಿಯುವ ಕೇಜಿನಲ್ಲಿ ನಾಲ್ಕು ಜನ, ಹತ್ತುವ ಕೇಜಿನಲ್ಲಿ ನಾಲ್ಕು ಜನ, ಪ್ರತಿಯೊಬ್ಬರ ತಲೆಯ ಮೇಲೂ ಹಳದಿ ಕ್ರೇಯಾನಿನ ಒಂದು ಚುಕ್ಕಿ. ಹಿಂದೆ ಗಣಿತ್ಯಾಜ್ಯದ ಸೈನೈಡ್ ದಿಬ್ಬಕ್ಕೆ ಬಣ್ಣ ಹಚ್ಚದೆ ಹಾಳೆಯ ಬಿಳುಪನ್ನೇ ಬಿಟ್ಟಿದ್ದಳು. ತಾತ ಕನ್ನಡಕ ಏರಿಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು. ಹತ್ತುವ ಕೇಜಿನ ಎರಡನೆಯವನ ಮೇಲೆ ಬೆರಳಿಟ್ಟು, "ಇವನಿಗೆ ಮೀಸೆ ಹಾಕು, ದೊಡ್ಡ ಮೀಸೆ" ಎಂದರು. ಅವಳು ಮೀಸೆ ಬರೆದಳು. ಅವರು ಇನ್ನೊಮ್ಮೆ ನೋಡಿದರು, ಡಬ್ಬಿಯಲ್ಲಿದ್ದ ಫೋಟೋ ತೆಗೆದು ಪಕ್ಕಕ್ಕಿಟ್ಟುಕೊಂಡರು. ಸುಮ್ಮನಾಗಿದ್ದ ಐದು ಮುಖಗಳಲ್ಲಿ ಒಂದರ ಹೆಸರು ಅವರ ಬಾಯಿಗೆ ಬಂತು.

ಹುಡುಗಿ ಅದನ್ನು ಕೇಜಿನ ಪಕ್ಕದಲ್ಲಿ ಬರೆದಳು. ಮೊದಲು ತಮಿಳಿನಲ್ಲಿ ತಾತನ ಕೈಯಲ್ಲಿ ಬರೆಸಿದಳು, ಅದರ ಕೆಳಗೆ ತಾನೇ ಕನ್ನಡದಲ್ಲಿ.